ಬಾಲ್ಟೊ, ಟೋಗೊ ಮತ್ತು ಸಾವಿರ ಮೈಲಿಯ ಓಟ: ಮಕ್ಕಳಿಗೆ ಪುಸ್ತಕ ಏನು ಹೇಳುತ್ತದೆ?

ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಓಟ ನಡೆಯುತ್ತದೆ. ಅದರ ಹೆಸರು ಇಡಿಟರಾಡ್. ಓಡುವವರು ಮನುಷ್ಯರಲ್ಲ, ನಾಯಿಗಳು. ಚಕ್ರವಿಲ್ಲದ, ಹಿಮದ ಮೇಲೆ ಜಾರಿಕೊಂಡು ಹೋಗುವ ಸ್ಲೆಡ್ಜ್ ಗಾಡಿಯನ್ನು ನಾಯಿಗಳ ತಂಡ ಎಳೆಯುತ್ತದೆ. ಗಾಡಿಯ ಹಿಂದೆ ನಿಂತು ನಡೆಸುವವರು ಒಬ್ಬರೇ. ಅವರನ್ನು ಮಷರ್ ಎನ್ನುತ್ತಾರೆ. ಕುದುರೆಗೆ ಇರುವಂತೆ ಇಲ್ಲಿ ಲಗಾಮು ಇಲ್ಲ. ಮಷರ್ "ಜೀ" ಎಂದರೆ ಬಲಕ್ಕೆ, "ಹಾ" ಎಂದರೆ ಎಡಕ್ಕೆ. ಮುಂದಿರುವ ನಾಯಿ ಆ ಮಾತನ್ನು ಕೇಳಿ ತಿರುಗಿದರೆ ಉಳಿದವು ಅದರ ಹಿಂದೆ ಹೋಗುತ್ತವೆ. ಆಂಕರೇಜ್ ನಗರದಿಂದ ಹೊರಟು ಬೇರಿಂಗ್ ಸಮುದ್ರದ ದಂಡೆಯಲ್ಲಿರುವ ನೋಮ್ ಪಟ್ಟಣವನ್ನು ಮುಟ್ಟಬೇಕು. ದೂರ ಸುಮಾರು 1,000 ಮೈಲಿ, ಅಂದರೆ 1,600 ಕಿ.ಮೀ.

ಹಿಮವನ್ನೇ ನೋಡದ ನಮಗೆ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ನನಗೆ ಈ ಓಟಕ್ಕಿಂತ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಅದರ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕಗಳು. ಅಮೆರಿಕದ ಅನೇಕ ಶಾಲೆಗಳಲ್ಲಿ ಶಿಕ್ಷಕರು ಈ ಓಟವನ್ನು ಕಥೆಪುಸ್ತಕಗಳ ಮೂಲಕವೇ ಕಲಿಸುತ್ತಾರೆ. ಒಂದೇ ಘಟನೆಯನ್ನು ಎರಡು ಪುಸ್ತಕಗಳು ಎರಡು ರೀತಿ ಹೇಳಿದಾಗ ಮಗುವಿನ ಮನಸ್ಸಿನಲ್ಲಿ ಯಾವುದು ಉಳಿಯುತ್ತದೆ? ಈ ಪ್ರಶ್ನೆ ಅಲಾಸ್ಕಾದ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ತಮ್ಮ ತಂಗಿಯರಿಗೆ ಕಥೆ ಹೇಳುವವರಿಗೂ, ಮುಂದೆ ಶಿಕ್ಷಕರಾಗಲು ಬಯಸುವವರಿಗೂ ಇದು ಬೇಕಾದದ್ದು.

1925ರ ಔಷಧ ಓಟ

1925ರ ಜನವರಿಯಲ್ಲಿ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಕಾಣಿಸಿಕೊಂಡಿತು. ಇದನ್ನೇ ಡಿಫ್ತೀರಿಯಾ ಎನ್ನುವುದು. ನಾವೆಲ್ಲ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಡಿಪಿಟಿ ಲಸಿಕೆಯ ಮೊದಲ ಅಕ್ಷರ ಈ ಕಾಯಿಲೆಯದೇ. ಇದು ಹೆಚ್ಚಾಗಿ ಮಕ್ಕಳ ಪ್ರಾಣ ತೆಗೆಯುತ್ತಿತ್ತು. ಅಲ್ಲಿದ್ದ ವೈದ್ಯ ಕರ್ಟಿಸ್ ವೆಲ್ಚ್ ಅವರ ಬಳಿ ಬೇಕಾದಷ್ಟು ಔಷಧ ಇರಲಿಲ್ಲ. ಆಂಕರೇಜ್‌ನ ಆಸ್ಪತ್ರೆಯಲ್ಲಿ 3,00,000 ಯೂನಿಟ್ ಸೀರಮ್ ಸಿಕ್ಕಿತು. ಅದನ್ನು ತರುವುದು ಹೇಗೆ? ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿ ಹಡಗು ಬರುವಂತಿರಲಿಲ್ಲ. ರೈಲು ನೆನಾನಾ ಎಂಬ ಊರಿನವರೆಗೆ ಮಾತ್ರ ಹತ್ತಿರ ಬರುತ್ತಿತ್ತು. ಆಗಿನ ತೆರೆದ ವಿಮಾನಗಳನ್ನು ಆ ಚಳಿಯಲ್ಲಿ ಹಾರಿಸುವುದು ಅಪಾಯ. ಉಳಿದಿದ್ದು ನಾಯಿಗಳು.

ನೆನಾನಾದಿಂದ ನೋಮ್‌ವರೆಗೆ 674 ಮೈಲಿ, ಸುಮಾರು 1,085 ಕಿ.ಮೀ. ಈ ದೂರವನ್ನು 20 ಮಷರ್‌ಗಳು ರಿಲೇ ಓಟದಂತೆ ಹಂಚಿಕೊಂಡರು. ಒಟ್ಟು ಸುಮಾರು 150 ನಾಯಿಗಳು ಓಡಿದವು. ಕೆಲವು ಕಡೆ ಚಳಿ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿತ್ತು. ಈ ಮಷರ್‌ಗಳಲ್ಲಿ ಹಲವರು ಅಲಾಸ್ಕಾದ ಮೂಲನಿವಾಸಿಗಳು. ಐದೂವರೆ ದಿನಗಳಲ್ಲಿ, ಫೆಬ್ರವರಿ 2ರ ಬೆಳಗಿನ ಜಾವ, ಔಷಧ ನೋಮ್ ತಲುಪಿತು.

ಕೊನೆಯ ಹಂತದಲ್ಲಿ ಔಷಧ ತಂದವರು ಗುನ್ನಾರ್ ಕಾಸೆನ್. ಅವರ ತಂಡದ ಮುಂದೆ ಇದ್ದ ನಾಯಿ ಬಾಲ್ಟೊ. ಪತ್ರಿಕೆಗಳಲ್ಲಿ ಬಾಲ್ಟೊ ಹೆಸರು ತುಂಬಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಬಾಲ್ಟೊನ ಪ್ರತಿಮೆ ನಿಂತಿತು. ಇವತ್ತಿಗೂ ಅಲ್ಲಿ ಮಕ್ಕಳು ಆ ಪ್ರತಿಮೆಯ ಬೆನ್ನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಆದರೆ ಅತಿ ಉದ್ದದ, ಅತಿ ಅಪಾಯದ ದಾರಿ ಕ್ರಮಿಸಿದ್ದು ಇನ್ನೊಂದು ತಂಡ. ಲಿಯೊನಾರ್ಡ್ ಸೆಪ್ಪಾಲಾ ಎಂಬ ಮಷರ್ ಮತ್ತು ಅವರ ಮುಂದಾಳು ನಾಯಿ ಟೋಗೊ. ಟೋಗೊಗೆ ಆಗ 12 ವರ್ಷ. ನಾಯಿಯ ಲೆಕ್ಕದಲ್ಲಿ ಮುದುಕ. ಅವರು ನೋಮ್‌ನಿಂದಲೇ ಎದುರು ಹೊರಟು, ಔಷಧ ಪಡೆದು, ಬಿರುಗಾಳಿಯಲ್ಲಿ ಹೆಪ್ಪುಗಟ್ಟಿದ ನಾರ್ಟನ್ ಸೌಂಡ್ ಎಂಬ ಕೊಲ್ಲಿಯ ಮೇಲೆ ಹಿಂದಿರುಗಿದರು. ಹೋಗಿ ಬಂದ ದೂರ ಸೇರಿಸಿದರೆ ಸುಮಾರು 260 ಮೈಲಿ, ಅಂದರೆ 420 ಕಿ.ಮೀ. ಬಾಲ್ಟೊ ಓಡಿದ್ದು ಸುಮಾರು 85 ಕಿ.ಮೀ. ಇನ್ನೂ ಒಂದು ವಿಷಯವಿದೆ. ಬಾಲ್ಟೊ ಕೂಡ ಸೆಪ್ಪಾಲಾ ಅವರದ್ದೇ ನಾಯಿ. ಅದು ಅಷ್ಟು ಒಳ್ಳೆಯ ಮುಂದಾಳು ಅಲ್ಲವೆಂದು ತಮ್ಮ ತಂಡಕ್ಕೆ ಸೇರಿಸಿಕೊಳ್ಳದೆ ಊರಿನಲ್ಲೇ ಬಿಟ್ಟುಹೋಗಿದ್ದರು!

ನಾನು ಕಾಮರ್ಸ್ ವಿದ್ಯಾರ್ಥಿನಿ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಪತ್ರಿಕೆಗಳು ಲೆಡ್ಜರ್‌ನ ಕೊನೆಯ ಎಂಟ್ರಿಯನ್ನು ಮಾತ್ರ ನೋಡಿ ಇಡೀ ಖಾತೆಯನ್ನು ಅದರ ಹೆಸರಿಗೆ ಬರೆದವು. ಅದಕ್ಕಿಂತ ಮುಂಚಿನ 19 ಎಂಟ್ರಿಗಳನ್ನು ಯಾರೂ ಓದಲಿಲ್ಲ.

ಎರಡು ಪುಸ್ತಕ, ಎರಡು ನಾಯಕರು

ಮಕ್ಕಳ ಪುಸ್ತಕಗಳಲ್ಲೂ ಹೀಗೆಯೇ ಆಯಿತು. 1989ರಲ್ಲಿ ನಟಾಲಿ ಸ್ಟ್ಯಾಂಡಿಫೋರ್ಡ್ ಎಂಬ ಲೇಖಕಿ ಆಗತಾನೇ ಓದು ಕಲಿಯುವ ಮಕ್ಕಳಿಗಾಗಿ ಬಾಲ್ಟೊ ಬಗ್ಗೆ ಪುಸ್ತಕ ಬರೆದರು. ಅದರ ಹೆಸರೇ ಬಾಲ್ಟೊವನ್ನು ಎಲ್ಲಕ್ಕಿಂತ ಧೀರ ನಾಯಿ ಎಂದು ಕರೆಯುತ್ತದೆ. 1995ರಲ್ಲಿ ಬಾಲ್ಟೊ ಎಂಬ ಕಾರ್ಟೂನ್ ಸಿನಿಮಾ ಬಂತು. ಅದರಲ್ಲಿ ಬಾಲ್ಟೊ ಅರ್ಧ ತೋಳ! ನಿಜದ ಬಾಲ್ಟೊ ಸೈಬೀರಿಯನ್ ಹಸ್ಕಿ ತಳಿಯ ನಾಯಿ. 2002ರಲ್ಲಿ ರಾಬರ್ಟ್ ಬ್ಲೇಕ್ ಎಂಬ ಲೇಖಕ, ಚಿತ್ರಕಾರ ಟೋಗೊ ಬಗ್ಗೆ ಒಂದು ಚಿತ್ರಪುಸ್ತಕ ತಂದರು. ಅದೇ ವರ್ಷ ಡೆಬಿ ಮಿಲ್ಲರ್ ಅವರು ಇಡೀ ರಿಲೇಯ ಕಥೆಯನ್ನು ಮಕ್ಕಳಿಗಾಗಿ ಬರೆದರು. 2019ರಲ್ಲಿ ಟೋಗೊ ಬಗ್ಗೆಯೂ ಸಿನಿಮಾ ಬಂತು. ಅಂದರೆ ಟೋಗೊಗೆ ಮಕ್ಕಳ ನಡುವೆ ಹೆಸರು ಸಿಗಲು ಬಹಳ ಕಾಲ ಹಿಡಿಯಿತು.

ಇದನ್ನು ಪರೀಕ್ಷಿಸಲು ನಾನು ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ಐದನೇ ತರಗತಿಯಲ್ಲಿರುವ ನನ್ನ ತಮ್ಮನಿಗೆ ಬೇಕೆಂದೇ ಎರಡು ಸಲ, ಎರಡು ರೀತಿ ಕಥೆ ಹೇಳಿದೆ. ಮೊದಲ ದಿನ ಬಾಲ್ಟೊ ಕಥೆ. ಮುಗಿದ ಮೇಲೆ ಏನಾಯಿತೆಂದು ಬರೆಯಲು ಹೇಳಿದರೆ, ಒಂದೇ ನಾಯಿ 1,085 ಕಿ.ಮೀ. ಓಡಿ ಔಷಧ ತಂದಿತು ಎಂದು ಬರೆದ. ರಿಲೇ ಎಂಬ ಮಾತು ನಾನು ಹೇಳಿದ್ದರೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಒಂದು ವಾರದ ನಂತರ ಟೋಗೊ ಕಥೆ ಹೇಳಿದೆ. ಈಗ ಅವನಿಗೆ ಸಿಟ್ಟು ಬಂತು. "ಆಪಾ, ಹಾಗಾದರೆ ಬಾಲ್ಟೊ ಕಳ್ಳ!" ಎಂದ. ಮೊದಲು ಒಂದು ನಾಯಿಗೆ ಎಲ್ಲವನ್ನೂ ಕೊಟ್ಟಿದ್ದ, ಈಗ ಅದರಿಂದ ಎಲ್ಲವನ್ನೂ ಕಿತ್ತುಕೊಂಡ.

ಆಗ ನಾನು ಮೂರನೆಯ ಸಂಗತಿ ಹೇಳಿದೆ. ಕಾಸೆನ್ ಓಡಿದ ರಾತ್ರಿ ಎಂಥ ಹಿಮಗಾಳಿ ಇತ್ತೆಂದರೆ ಗಾಡಿಯ ಹಿಂದೆ ನಿಂತವರಿಗೆ ತಮ್ಮ ನಾಯಿಗಳೇ ಕಾಣುತ್ತಿರಲಿಲ್ಲ. ಗಾಡಿ ಮಗುಚಿ ಔಷಧದ ಪೊಟ್ಟಣ ಹಿಮದೊಳಗೆ ಬಿತ್ತು. ಅವರು ಕೈಗವಸು ತೆಗೆದು ಬರಿಗೈಯಲ್ಲಿ ತಡಕಾಡಿ ಹುಡುಕಿದರು. ಅಂಥ ಕತ್ತಲಲ್ಲಿ ದಾರಿ ಬಿಡದೆ ನಡೆದದ್ದು ಬಾಲ್ಟೊ. ಹೊಗಳಿ ಎಂದು ಅದು ಯಾರನ್ನೂ ಕೇಳಲಿಲ್ಲ. ಹೊಗಳಿದ್ದು ಮನುಷ್ಯರು, ಮರೆತದ್ದೂ ಮನುಷ್ಯರು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದ 18 ಜನರ ನಾಯಿಗಳ ಹೆಸರೇನು?" ಎಂದು ಕೇಳಿದ.

ಆ ಪ್ರಶ್ನೆಗಾಗಿಯೇ ನಾನು ಈ ಲೇಖನ ಬರೆಯುತ್ತಿದ್ದೇನೆ. ಒಂದು ಪುಸ್ತಕ ಓದಿದ ಮಗುವಿಗೆ ಒಬ್ಬ ನಾಯಕ ಸಿಗುತ್ತಾನೆ. ಅದೇ ಘಟನೆಯ ಬಗ್ಗೆ ಎರಡನೆಯ ಪುಸ್ತಕ ಓದಿದಾಗ ಪ್ರಶ್ನೆ ಕೇಳಲು ಬರುತ್ತದೆ.

ಬಾಲ್ಟೊಗೆ ಮುಂದೇನಾಯಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಪ್ರತಿಮೆ ನಿಂತರೂ ನಾಯಿಯ ಸ್ಥಿತಿ ಚೆನ್ನಾಗಿರಲಿಲ್ಲ. ಅದನ್ನೂ ಅದರ ಸಂಗಡಿಗರನ್ನೂ ಲಾಸ್ ಏಂಜಲಿಸ್‌ನಲ್ಲಿ ಕಾಸು ಕೊಟ್ಟು ನೋಡುವ ಪ್ರದರ್ಶನದಲ್ಲಿ ಇಟ್ಟಿದ್ದರು. 1927ರಲ್ಲಿ ಜಾರ್ಜ್ ಕಿಂಬಲ್ ಎಂಬ ವ್ಯಾಪಾರಿ ಅದನ್ನು ಕಂಡು ಬಿಡಿಸಲು ನಿರ್ಧರಿಸಿದರು. ಬೇಕಾಗಿದ್ದದ್ದು 2,000 ಡಾಲರ್. ಕ್ಲೀವ್‌ಲ್ಯಾಂಡ್ ನಗರದ ಜನ ಹತ್ತು ದಿನಗಳಲ್ಲಿ ಹಣ ಕೂಡಿಸಿದರು. ಅದರಲ್ಲಿ ಶಾಲಾ ಮಕ್ಕಳ ಚಿಲ್ಲರೆ ಕಾಸೂ ಇತ್ತು. ಬಾಲ್ಟೊ 1933ರಲ್ಲಿ ಸಾಯುವವರೆಗೂ ಆ ನಗರದ ಮೃಗಾಲಯದಲ್ಲಿತ್ತು.

ಎರಡು ಕಡೆಯೂ ನ್ಯಾಯವಿರುವ 500 ಡಾಲರ್

ಈ ವಿಷಯದ ಮೇಲೆ ಶಾಲೆಗಳಲ್ಲಿ ಬಹಳ ಓದಿಸುವ ಇನ್ನೊಂದು ಪುಸ್ತಕ ಜಾನ್ ರೆನಾಲ್ಡ್ಸ್ ಗಾರ್ಡಿನರ್ ಬರೆದ 'ಸ್ಟೋನ್ ಫಾಕ್ಸ್' (1980). ಇದರಲ್ಲಿರುವುದು ಉದ್ದದ ಓಟವಲ್ಲ, ಹತ್ತು ಮೈಲಿಯದು. ನಡೆಯುವುದೂ ಅಲಾಸ್ಕಾದಲ್ಲಲ್ಲ, ವಯೋಮಿಂಗ್ ರಾಜ್ಯದಲ್ಲಿ. ಆದರೂ ಸ್ಲೆಡ್ಜ್ ಓಟ ಎಂದರೇನು ಎಂದು ಅನೇಕ ಮಕ್ಕಳು ಮೊದಲು ತಿಳಿಯುವುದು ಇದರಿಂದಲೇ.

ವಿಲ್ಲಿ ಎಂಬ ಹತ್ತು ವರ್ಷದ ಹುಡುಗ. ಅವನಿಗಿರುವುದು ಅಜ್ಜ, ಆಲೂಗಡ್ಡೆ ಹೊಲ ಮತ್ತು ಸರ್ಚ್‌ಲೈಟ್ ಎಂಬ ನಾಯಿ. ಅಜ್ಜ ಹಾಸಿಗೆ ಹಿಡಿಯುತ್ತಾರೆ. ಹೊಲದ ಮೇಲೆ 500 ಡಾಲರ್ ತೆರಿಗೆ ಬಾಕಿ ಇದೆ. ಕಟ್ಟದಿದ್ದರೆ ಹೊಲ ಹೋಗುತ್ತದೆ. ಓಟದ ಬಹುಮಾನ ಸರಿಯಾಗಿ 500 ಡಾಲರ್. ಓಟಕ್ಕೆ ಸೇರುವ ಶುಲ್ಕ 50 ಡಾಲರ್. ಅದನ್ನು ಹುಡುಗ ತನ್ನ ಕಾಲೇಜಿಗೆಂದು ಕೂಡಿಟ್ಟ ಹಣದಿಂದ ಕಟ್ಟುತ್ತಾನೆ. ಎದುರಾಳಿ ಸ್ಟೋನ್ ಫಾಕ್ಸ್, ಶೋಶೋನಿ ಬುಡಕಟ್ಟಿನವನು, ಎಂದೂ ಸೋಲದವನು. ಅವನು ಬಹುಮಾನದ ಹಣದಿಂದ ತನ್ನ ಜನ ಕಳೆದುಕೊಂಡ ಭೂಮಿಯನ್ನು ಒಂದೊಂದಾಗಿ ಕೊಂಡು ಹಿಂದಕ್ಕೆ ಪಡೆಯುತ್ತಿದ್ದಾನೆ.

ಒಂದೇ 500 ಡಾಲರ್, ಇಬ್ಬರಿಗೂ ಭೂಮಿ ಉಳಿಸುವ ಅಗತ್ಯ. ಯಾರು ಗೆಲ್ಲಬೇಕು? ಕಥೆಯ ಕೊನೆಯಲ್ಲಿ ಗೆಲುವಿನ ಗೆರೆ ಕಣ್ಣೆದುರಿಗೇ ಇರುವಾಗ ಸರ್ಚ್‌ಲೈಟ್‌ನ ಎದೆ ಒಡೆದು ಅದು ಸಾಯುತ್ತದೆ. ಸ್ಟೋನ್ ಫಾಕ್ಸ್ ತನ್ನ ಗಾಡಿ ನಿಲ್ಲಿಸಿ, ಹಿಮದಲ್ಲಿ ಗೆರೆ ಎಳೆದು, ಬಂದೂಕು ಹಿಡಿದು ಉಳಿದ ಸ್ಪರ್ಧಿಗಳನ್ನು ತಡೆಯುತ್ತಾನೆ. ವಿಲ್ಲಿ ಸತ್ತ ನಾಯಿಯನ್ನು ಎತ್ತಿಕೊಂಡು ಗೆರೆ ದಾಟುತ್ತಾನೆ.

ಇಷ್ಟು ದುಃಖದ ಕಥೆಯನ್ನು ಮಕ್ಕಳಿಗೆ ಕೊಡಬೇಕೇ ಎಂದು ಕೇಳುವವರಿದ್ದಾರೆ. ನನಗನಿಸುವುದು, ಕೊಡಬೇಕು, ಆದರೆ ಓದಿ ಮುಗಿಸಿ ಪುಸ್ತಕ ಮುಚ್ಚಿ ಎದ್ದು ಹೋಗಬಾರದು. ಮಗು ಎರಡು ಪ್ರಶ್ನೆ ಕೇಳಬೇಕು. ಸ್ಟೋನ್ ಫಾಕ್ಸ್‌ನ ಜನಕ್ಕೆ ಆ ವರ್ಷ ಭೂಮಿ ಸಿಗಲಿಲ್ಲವಲ್ಲ, ಅವರ ಗತಿ ಏನು? ಮನುಷ್ಯರ ಸಾಲಕ್ಕಾಗಿ ಸತ್ತ ನಾಯಿಯನ್ನು ಓಡಲು ಇಷ್ಟವಿದೆಯೇ ಎಂದು ಯಾರಾದರೂ ಕೇಳಿದರೇ?

ಓಡಿ ಬಂದವರ ಬರಹ

ಮೇಲಿನ ಲೇಖಕರು ಹೊರಗೆ ನಿಂತು ಬರೆದವರು. ಗ್ಯಾರಿ ಪಾಲ್ಸನ್ ಸ್ವತಃ ಓಡಿದವರು. 1983ರಲ್ಲಿ ಮತ್ತು 1985ರಲ್ಲಿ ಅವರು ಇಡಿಟರಾಡ್‌ನಲ್ಲಿ ಭಾಗವಹಿಸಿದರು. ಬಾಲ್ಯ ಬಹಳ ಕಷ್ಟದ್ದು. ಹುಡುಗನಾಗಿದ್ದಾಗ ಚಳಿ ತಡೆಯಲಾರದೆ ಒಂದು ಗ್ರಂಥಾಲಯದೊಳಗೆ ಹೋದಾಗ ಅಲ್ಲಿನ ಗ್ರಂಥಪಾಲಕಿ ಕಾರ್ಡ್ ಮಾಡಿಕೊಟ್ಟು ಪುಸ್ತಕ ಕೊಟ್ಟರೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಮಕ್ಕಳಿಗಾಗಿ ಹಲವಾರು ಪುಸ್ತಕ ಬರೆದರು. 2021ರಲ್ಲಿ ತೀರಿಕೊಂಡರು.

ಅವರ 'ವುಡ್‌ಸಾಂಗ್' (1990) ಕಥೆಯಲ್ಲ, ಸ್ವಂತ ಅನುಭವ. ಆರಂಭದಲ್ಲಿ ಅವರು ಕಾಡಿನಲ್ಲಿ ಬಲೆಯಿಟ್ಟು ಪ್ರಾಣಿಗಳನ್ನು ಹಿಡಿಯುತ್ತಿದ್ದರು. ಒಂದು ದಿನ ಕೊಲಂಬಿಯಾ ಎಂಬ ನಾಯಿ, ಸರಪಳಿಗೆ ಕಟ್ಟಿದ ಇನ್ನೊಂದು ನಾಯಿಯ ಮುಂದೆ ಅದಕ್ಕೆ ಸ್ವಲ್ಪದರಲ್ಲೇ ಎಟುಕದ ಹಾಗೆ ಮೂಳೆಯನ್ನು ತಳ್ಳಿ ಚೇಷ್ಟೆ ಮಾಡುವುದನ್ನು ನೋಡಿದರು. ಚೇಷ್ಟೆ ಮಾಡಲು ಬರುವ ಪ್ರಾಣಿಗೆ ಯೋಚನೆಯೂ ಇರಲೇಬೇಕು ಎನಿಸಿತು. ಹಾಗಾದರೆ ಬಲೆಯಲ್ಲಿ ಬೀಳುವ ಪ್ರಾಣಿಗಳಿಗೆ? ಅವರು ಬಲೆಯಿಡುವುದನ್ನು ಬಿಟ್ಟರು. ಪುಸ್ತಕದ ಎರಡನೆಯ ಭಾಗದಲ್ಲಿ ಓಟದ ದಿನಚರಿ ಇದೆ. ನಿದ್ದೆಗೆಟ್ಟು ಇಲ್ಲದ್ದು ಕಾಣುವುದು, ದಾರಿ ತಪ್ಪುವುದು, ಚಳಿ ಎಲ್ಲವನ್ನೂ ಬಣ್ಣ ಹಚ್ಚದೆ ಬರೆದಿದ್ದಾರೆ. ಗೆದ್ದವರ ಪುಸ್ತಕವಲ್ಲ ಇದು. ಅದಕ್ಕೇ ಮಕ್ಕಳಿಗೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಪುಸ್ತಕದಿಂದ ಲೆಕ್ಕಕ್ಕೆ

ಕಥೆ ಓದಿದ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಅಮೆರಿಕದ ತರಗತಿಗಳಲ್ಲಿ ಪ್ರತಿ ಮಗು ಒಬ್ಬ ಮಷರ್‌ನನ್ನು ಆರಿಸಿಕೊಂಡು, ಅವರು ಯಾವ ತಂಗುದಾಣ ಮುಟ್ಟಿದರು, ಎಷ್ಟು ಹೊತ್ತು ನಿಂತರು ಎಂದು ನಕ್ಷೆಯ ಮೇಲೆ ಗುರುತಿಸುತ್ತದೆ. ಓಟದ ಸಂಸ್ಥೆಯೇ ಒಬ್ಬ ಶಿಕ್ಷಕರನ್ನು ಆಯ್ಕೆ ಮಾಡಿ ದಾರಿಯುದ್ದಕ್ಕೂ ಕಳಿಸಿ, ಅಲ್ಲಿಂದ ಪಾಠ ಬರೆಸುವ ಯೋಜನೆಯನ್ನು ವರ್ಷಗಳ ಕಾಲ ನಡೆಸಿದೆ.

ಲೆಕ್ಕ ಮಾಡಿ ನೋಡಿದರೆ ಕಥೆಯ ತೂಕ ತಿಳಿಯುತ್ತದೆ. 1973ರ ಮೊದಲ ಓಟವನ್ನು ಡಿಕ್ ವಿಲ್ಮಾರ್ತ್ ಸುಮಾರು 20 ದಿನಗಳಲ್ಲಿ ಗೆದ್ದರು. ಅಂದರೆ ವಿಶ್ರಾಂತಿ ಸೇರಿಸಿ ಗಂಟೆಗೆ ಮೂರೂ ಕಾಲು ಕಿ.ಮೀ. ಆಸುಪಾಸು, ನಾವು ನಡೆಯುವ ವೇಗಕ್ಕಿಂತ ಕಡಿಮೆ. 2017ರಲ್ಲಿ ಮಿಚ್ ಸೀವಿ 8 ದಿನ 3 ಗಂಟೆ 40 ನಿಮಿಷದಲ್ಲಿ ಮುಗಿಸಿದರು. ಗಂಟೆಗೆ ಸುಮಾರು 8 ಕಿ.ಮೀ. ನಡುವೆ ಒಂದು ಸಲ 24 ಗಂಟೆ, ಎರಡು ಸಲ 8 ಗಂಟೆ ಕಡ್ಡಾಯವಾಗಿ ನಿಲ್ಲಬೇಕು. ಓಡುವಾಗ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಆಹಾರ ಬೇಕು. ಅಷ್ಟನ್ನು ಗಾಡಿಯಲ್ಲಿ ಹೊರಲು ಆಗದು, ಆದ್ದರಿಂದ ಓಟಕ್ಕೆ ಮೊದಲೇ ಚೀಲಗಳಲ್ಲಿ ತಂಗುದಾಣಗಳಿಗೆ ಕಳಿಸಿರುತ್ತಾರೆ. ನಮ್ಮ ಬಿಸಿನೆಸ್ ಸ್ಟಡೀಸ್‌ನ ಯೋಜನೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಯೋಜನೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಜಾಕ್ ಲಂಡನ್‌ರ 'ದಿ ಕಾಲ್ ಆಫ್ ದಿ ವೈಲ್ಡ್' (1903) ಕಾದಂಬರಿಯಲ್ಲಿದೆ. ಅಲ್ಲಿ ಮೂವರು ಹೊಸಬರು ಗಾಡಿಗೆ ಅತಿಯಾಗಿ ಸಾಮಾನು ಹೇರಿ, ಮೊದಲು ನಾಯಿಗಳಿಗೆ ಬೇಕಾಬಿಟ್ಟಿ ತಿನ್ನಿಸಿ, ಅರ್ಧ ದಾರಿಯಲ್ಲಿ ಆಹಾರ ಮುಗಿಸಿಕೊಳ್ಳುತ್ತಾರೆ.

ನಿಯಮಗಳನ್ನೂ ಕಥೆಯಿಂದ ಕಲಿಯಬಹುದು. ರಾಬರ್ಟ್ ಬ್ಲೇಕ್ ಅವರದ್ದೇ 'ಅಕಿಯಾಕ್' (1997) ಎಂಬ ಚಿತ್ರಪುಸ್ತಕದಲ್ಲಿ ಹತ್ತು ವರ್ಷದ ಮುಂದಾಳು ನಾಯಿಯ ಪಾದಕ್ಕೆ ಪೆಟ್ಟಾಗುತ್ತದೆ. ಅದನ್ನು ಓಟದಿಂದ ಬಿಡಿಸುತ್ತಾರೆ. ಅದು ತಪ್ಪಿಸಿಕೊಂಡು ತನ್ನ ತಂಡದ ಹಿಂದೆ ಓಡುತ್ತದೆ. ನಿಜದ ಓಟದಲ್ಲೂ ಗಾಯಗೊಂಡ, ಬಳಲಿದ ನಾಯಿಯನ್ನು ತಂಗುದಾಣದಲ್ಲಿ ಬಿಡಬೇಕು. ಅಲ್ಲಿ ಪಶುವೈದ್ಯರು ಇರುತ್ತಾರೆ. ಪಾದ ಒಡೆಯದಂತೆ ನಾಯಿಗಳಿಗೆ ಬಟ್ಟೆಯ ಬೂಟು ಹಾಕುತ್ತಾರೆ.

ಮುಚ್ಚಿಡಬಾರದ ವಿಷಯ

ಈ ಓಟವನ್ನು ವಿರೋಧಿಸುವವರೂ ಇದ್ದಾರೆ. ಓಟದಲ್ಲಿ ನಾಯಿಗಳು ಸತ್ತಿವೆ. 2024ರ ಒಂದೇ ಓಟದಲ್ಲಿ ಮೂರು ಸತ್ತವು. ಇದು ಕ್ರೌರ್ಯ, ನಿಲ್ಲಿಸಿ ಎಂದು ಪೆಟಾದಂಥ ಸಂಘಟನೆಗಳು ಹೇಳುತ್ತವೆ. ಈ ನಾಯಿಗಳು ಓಡಲೆಂದೇ ಬೆಳೆದವು, ಅಲಾಸ್ಕಾದ ಜನರ ಹಳೆಯ ಬದುಕೇ ಇದು ಎಂದು ಮಷರ್‌ಗಳು ಹೇಳುತ್ತಾರೆ. ಓಟವನ್ನು ಕಟ್ಟಿದ ಜೋ ರೆಡಿಂಗ್‌ಟನ್ ಮತ್ತು ಡೊರೊಥಿ ಪೇಜ್ ಅವರ ಉದ್ದೇಶವೂ ಅದೇ ಆಗಿತ್ತು. ಹಿಮದ ಮೇಲೆ ಓಡುವ ಮೋಟಾರು ವಾಹನಗಳು ಬಂದು ಹಳ್ಳಿಗಳಲ್ಲಿ ನಾಯಿಗಳೇ ಮಾಯವಾಗುತ್ತಿದ್ದವು. ಈಗ ಹಿಮವೂ ಸಮಸ್ಯೆ. 2003, 2015, 2017 ಮತ್ತು 2025ರಲ್ಲಿ ದಾರಿಯಲ್ಲಿ ಸಾಕಷ್ಟು ಹಿಮವಿಲ್ಲದೆ ಓಟದ ಆರಂಭವನ್ನು ಉತ್ತರದ ಫೇರ್‌ಬ್ಯಾಂಕ್ಸ್‌ಗೆ ಒಯ್ದರು.

ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ನಾಯಿಯ ಧೈರ್ಯವನ್ನು ಹೇಳುತ್ತವೆ, ಈ ವಿವಾದವನ್ನು ಹೇಳುವುದಿಲ್ಲ. ಅದನ್ನು ಹೇಳುವ ಕೆಲಸ ಓದಿಸುವವರದ್ದು. ನಾಯಿ ತನ್ನ ಕಥೆಯನ್ನು ತಾನು ಬರೆಯಲಾರದು. ಅದರ ಪರವಾಗಿ ಬರೆಯುವವರು, ಓದಿಸುವವರು ಎರಡು ಪಟ್ಟು ಪ್ರಾಮಾಣಿಕರಾಗಿರಬೇಕು.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ನಾಯಿ ಸಾಕುವುದಿಲ್ಲ. ಹಾಗೆಂದು ನಾಯಿಯ ಕಥೆ ನಮ್ಮದಲ್ಲ ಎನ್ನಲಾಗದು. ಸೂರಃ ಅಲ್-ಕಹ್ಫ್‌ನಲ್ಲಿ ಗುಹೆಯ ಯುವಕರ ಜೊತೆಗಿದ್ದ ನಾಯಿಯ ಪ್ರಸ್ತಾಪವಿದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟ ಮನುಷ್ಯನಿಗೆ ಅಲ್ಲಾಹನ ಕ್ಷಮೆ ಸಿಕ್ಕಿದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಇವನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ಮಗುವಿಗೆ, ಪ್ರಾಣಿಯ ಮೇಲೆ ಮನುಷ್ಯನಿಗೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆ ಹೊಸದಲ್ಲ.

ಓದಿಸುವವರಿಗೆ ನಾಲ್ಕು ಮಾತು

ಮೊದಲನೆಯದು, ಒಂದೇ ಘಟನೆಯ ಮೇಲೆ ಕನಿಷ್ಠ ಎರಡು ಪುಸ್ತಕ ಕೊಡಿ. ಪುಸ್ತಕ ಸಿಗದಿದ್ದರೆ ಕಥೆಯನ್ನು ಎರಡು ಕಡೆಯಿಂದ ಹೇಳಿ. ಎರಡನೆಯದು, ನಕ್ಷೆ ತೆರೆದಿಟ್ಟು ಓದಿ. ನೆನಾನಾದಿಂದ ನೋಮ್‌ವರೆಗೆ ಬೆರಳು ಓಡಿಸಲಿ. ಮೂರನೆಯದು, ಸಾವು ಬಂದಾಗ ಪುಟ ಹಾರಿಸಬೇಡಿ, ಜೊತೆಗೆ ಕೂತು ಮಾತಾಡಿ. ನಾಲ್ಕನೆಯದು, ಕಥೆಯಲ್ಲಿ ಹೆಸರಿಲ್ಲದವರು ಯಾರು ಎಂದು ಪ್ರತಿ ಸಲವೂ ಕೇಳಿ. 'ದಿ ಕಾಲ್ ಆಫ್ ದಿ ವೈಲ್ಡ್' ಹಳೆಯ ಪುಸ್ತಕವಾದ್ದರಿಂದ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಕಷ್ಟವೆನಿಸಿದರೆ ಇಬ್ಬರು ಕೂತು ಓದಿ.

ಇಡಿಟರಾಡ್‌ನಲ್ಲಿ ನನಗೆ ಬಹಳ ಹಿಡಿಸಿದ ಪದ್ಧತಿ ಒಂದಿದೆ. ಓಟ ಶುರುವಾದಾಗ ನೋಮ್‌ನಲ್ಲಿ ಒಂದು ದೀಪ ಹಚ್ಚಿ ತೂಗುಹಾಕುತ್ತಾರೆ. ಮೊದಲನೆಯವರು ಬಂದರೆಂದು ಅದನ್ನು ಆರಿಸುವುದಿಲ್ಲ. ಕಟ್ಟಕಡೆಯ ಮಷರ್ ಗೆರೆ ದಾಟುವವರೆಗೂ ಅದು ಉರಿಯುತ್ತಿರಬೇಕು. ಕೊನೆಗೆ ಬಂದವರಿಗೆ ಒಂದು ಕೆಂಪು ಲಾಟೀನನ್ನು ಬಹುಮಾನವಾಗಿ ಕೊಡುತ್ತಾರೆ. ತಮ್ಮನಿಗೆ ಇದನ್ನು ಹೇಳಿದಾಗ, ಆ ಲಾಟೀನು ಪಡೆದವರ ಕಥೆಪುಸ್ತಕ ಇದೆಯೇ ಎಂದು ಕೇಳಿದ. ಈಗ ನಾನು ಅದನ್ನು ಹುಡುಕುತ್ತಿದ್ದೇನೆ.